ಅಡುಗೆಮನೆ ಸಾಕೆಟ್ ಸುಟ್ಟಿತ್ತು, ಬಿಚ್ಚಿ ನೋಡಿದರೆ ಅರ್ತೇ ಇರಲಿಲ್ಲ

ಯುಗಾದಿಯ ಮಾರನೇ ದಿನ ಅಡುಗೆಮನೆಯಲ್ಲಿ ಮೀನಿನ ವಾಸನೆ ಬಂತು. ನಮ್ಮ ಮನೆಯಲ್ಲಿ ಮೀನು ಮಾಡುವುದಿಲ್ಲ, ಪಕ್ಕದವರೂ ಮಾಡುವುದಿಲ್ಲ. ಅವ್ವ ಸಿಂಕ್ ತೊಳೆದಳು, ಕಸದ ಡಬ್ಬಿ ಹೊರಗಿಟ್ಟಳು, ಫ್ರಿಜ್ ಹಿಂದೆ ಇಲಿಗಿಲಿ ಸತ್ತಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿದಳು. ಏನೂ ಇಲ್ಲ. ಸಂಜೆ ಚಟ್ನಿಗೆ ಮಿಕ್ಸಿ ಹಾಕಿದಾಗ ವಾಸನೆ ಮತ್ತೆ ಎದ್ದಿತು. ಆಗ ಗೊತ್ತಾಯಿತು, ಅದು ಸ್ವಿಚ್ ಬೋರ್ಡಿನಿಂದ ಬರುತ್ತಿದೆ ಅಂತ. ಸ್ವಿಚ್ಚು, ಸಾಕೆಟ್ಟು ಮಾಡುವ ಯೂರಿಯಾ ಪ್ಲಾಸ್ಟಿಕ್ ಇದೆಯಲ್ಲ, ಅದು ವಿಪರೀತ ಕಾದರೆ ಕೊಳೆತ ಮೀನಿನಂಥ ವಾಸನೆ ಬಿಡುತ್ತದೆ. ಹೊಗೆ, ಕಿಡಿ ಎಲ್ಲ ಆಮೇಲೆ. ಮೊದಲು ಬರುವುದು ವಾಸನೆ. ಮೀನು ಬೇಯಿಸದ ಮನೆಯಲ್ಲಿ ಹೀಗೆ ಆದರೆ ಇಲಿ ಹುಡುಕುವ ಮೊದಲು ಬೋರ್ಡಿನ ಹತ್ತಿರ ಮೂಗು ಒಯ್ದು ನೋಡಿ. ಕೈ ಮುಟ್ಟಿಸಬೇಡಿ, ಮೂಗು ಸಾಕು.

ನಮ್ಮ ಮನೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿದೆ. ಅಪ್ಪ ಕಟ್ಟಿಸಿದ್ದು 1994ರಲ್ಲಿ, ವೈರಿಂಗ್ ಕೂಡ ಆಗಿನದೇ. ಮರದ ಪೆಟ್ಟಿಗೆ, ಅದರ ಮೇಲೆ ಸನ್‌ಮೈಕಾ ಹಾಳೆ, ಟಕ್ ಅಂತ ಸದ್ದು ಮಾಡುವ ಪಿಯಾನೋ ಸ್ವಿಚ್ಚುಗಳು. ಆ ಕಾಲದ ಮನೆ ಇದ್ದವರಿಗೆಲ್ಲ ಈ ಬೋರ್ಡು ಕಣ್ಣಿಗೆ ಕಟ್ಟಿರುತ್ತದೆ. ಅಡುಗೆಮನೆ ಬೋರ್ಡಿನಲ್ಲಿ ಎರಡು ಸಾಕೆಟ್ಟು, ಎರಡೂ 6 ಆಂಪಿಯರಿನವು. ಒಂದು ಫ್ರಿಜ್ಜಿಗೆ, ಇನ್ನೊಂದು ಮಿಕ್ಸಿಗೆ. ಜೊತೆಗೆ ಲೈಟು, ಎಕ್ಸಾಸ್ಟ್ ಫ್ಯಾನ್.

ಹಬ್ಬದ ದಿನ ಆಗಿದ್ದು ಇಷ್ಟು. ಹೋಳಿಗೆಗೆ ಬೇಳೆ ಇಟ್ಟಾಗ ಗ್ಯಾಸ್ ಮುಗಿಯಿತು. ಇನ್ನೊಂದು ಸಿಲಿಂಡರ್ ಖಾಲಿ ಇತ್ತು. ಇಂಡಕ್ಷನ್ ಒಲೆ ತೆಗೆದು, ಅದರ ದಪ್ಪ ಪಿನ್ನಿಗೆ ಒಂದು ಕನ್ವರ್ಟರ್ ಪ್ಲಗ್ ಸಿಕ್ಕಿಸಿ, ಮಿಕ್ಸಿ ಸಾಕೆಟ್ಟಿಗೆ ಹಾಕಿದೆವು. ಹೂರಣದ ಬೇಳೆ ಬೆಂದಿತು, ಅದೇ ಒಲೆಯಲ್ಲಿ ಕಟ್ಟಿನ ಸಾರೂ ಆಯಿತು. ಎರಡು ಗಂಟೆ ಓಡಿರಬೇಕು.

ಆ ದಪ್ಪ ಪಿನ್ನು ಸುಮ್ನೆ ದಪ್ಪ ಇಟ್ಟಿಲ್ಲ. ಒಲೆ 2000 ವ್ಯಾಟ್. 230 ವೋಲ್ಟಿನಿಂದ ಭಾಗಿಸಿದರೆ 8.7 ಆಂಪಿಯರ್. ಸಾಕೆಟ್ಟಿನ ಮೇಲೆ ಬರೆದಿರುವುದು 6. ಈ ಸಾಕೆಟ್ಟಿಗೆ ಇಷ್ಟು ಹೊರೆ ಹಾಕಬೇಡಪ್ಪಾ ಅಂತ ಹೇಳಲೆಂದೇ 16 ಆಂಪಿಯರಿನ ಪಿನ್ನು ದಪ್ಪ ಇರುತ್ತದೆ, ಸಣ್ಣ ತೂತಿಗೆ ಹೋಗುವುದೇ ಇಲ್ಲ. ಕನ್ವರ್ಟರ್ ಪ್ಲಗ್ ಆ ತಡೆಯನ್ನೇ ತೆಗೆದು ಹಾಕುತ್ತದೆ. ಮಿಕ್ಸಿಗೆ ಇಂಥ ತೊಂದರೆ ಇಲ್ಲ, 750 ವ್ಯಾಟಿನ ಮಿಕ್ಸಿ ಎಳೆಯುವುದು 3.3 ಆಂಪಿಯರ್ ಅಷ್ಟೇ.

ಆದರೆ 6ರ ಸಾಕೆಟ್ಟಿಗೆ 8.7 ಹರಿದ ಮಾತ್ರಕ್ಕೆ ಎರಡು ಗಂಟೆಯಲ್ಲಿ ಸುಡುವುದಿಲ್ಲ. ಒಳಗೆ ಎಲ್ಲೋ ಸಡಿಲ ಇರಬೇಕು. ಸಡಿಲ ಜಾಗದಲ್ಲಿ ಕರೆಂಟಿಗೆ ಅಡ್ಡಿ ಜಾಸ್ತಿ, ಶಾಖವೆಲ್ಲ ಆ ಒಂದೇ ಬಿಂದುವಿನಲ್ಲಿ ಹುಟ್ಟುತ್ತದೆ. ಲೆಕ್ಕ ಸುಲಭ. ಆಂಪಿಯರನ್ನು ಆಂಪಿಯರಿನಿಂದಲೇ ಗುಣಿಸಿ, ಆಮೇಲೆ ಓಮ್‌ನಿಂದ, ಅಂದರೆ ಅಡ್ಡಿಯ ಅಳತೆಯಿಂದ ಗುಣಿಸಬೇಕು. ಸ್ಕ್ರೂ ಹತ್ತಿರ ಬರೀ 0.1 ಓಮ್ ಅಡ್ಡಿ ಇದ್ದರೂ 8.7 ಆಂಪಿಯರಿಗೆ ಏಳೂವರೆ ವ್ಯಾಟ್ ಆಗುತ್ತದೆ. 0.5 ಓಮ್ ಆದರೆ 38 ವ್ಯಾಟ್. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಸೋಲ್ಡರಿಂಗ್ ಕಡ್ಡಿ 25 ವ್ಯಾಟ್ ಇರುತ್ತದೆ. ಅದಕ್ಕಿಂತ ಜಾಸ್ತಿ ಶಾಖ ಒಂದು ಪುಟಾಣಿ ಕಾಳಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ ಒಳಗೆ, ಮರದ ಪೆಟ್ಟಿಗೆಯಲ್ಲಿ. ಕಾದಷ್ಟೂ ಆ ಜಾಗ ಕಪ್ಪಾಗುತ್ತದೆ, ಕಪ್ಪಾದಷ್ಟೂ ಅಡ್ಡಿ ಹೆಚ್ಚುತ್ತದೆ, ಅಡ್ಡಿ ಹೆಚ್ಚಿದಷ್ಟೂ ಇನ್ನೂ ಕಾಯುತ್ತದೆ.

ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಬಿಚ್ಚಲು ಕೂತೆ. ಮೊದಲು ಟೆಸ್ಟರನ್ನು ಕರೆಂಟ್ ಇರುವ ಪಾಯಿಂಟಿಗೆ ಇಟ್ಟು ಅದು ಉರಿಯುತ್ತದಾ ಅಂತ ನೋಡಿಕೊಂಡೆ. ಇದನ್ನು ಯಾವತ್ತೂ ಬಿಡಬೇಡಿ. ಟೆಸ್ಟರೇ ಕೆಟ್ಟಿದ್ದರೆ ಅದು ಎಲ್ಲ ಕಡೆಯೂ ಕರೆಂಟ್ ಇಲ್ಲ ಅಂತಲೇ ಹೇಳುತ್ತದೆ. ಆಮೇಲೆ ಮೇನ್ ಸ್ವಿಚ್ ಇಳಿಸಿದೆ. ನಮ್ಮದು ಕಬ್ಬಿಣದ ಡಬ್ಬಿಯ ಹಳೇ ಮೇನ್, ಇಳಿಸಿದರೆ ಫೇಸು (ಕರೆಂಟ್ ಬರುವ ವೈರು), ನ್ಯೂಟ್ರಲ್ಲು (ಅದು ವಾಪಸ್ ಹೋಗುವ ವೈರು) ಎರಡೂ ಕಡಿಯುತ್ತವೆ. ಅಡುಗೆಮನೆಯ ಪಿಂಗಾಣಿ ಫ್ಯೂಸನ್ನೂ ಕಿತ್ತು ಜೇಬಿಗೆ ಹಾಕಿಕೊಂಡೆ. ಯಾರೋ ಟಿವಿ ನೋಡಲು ಹೋಗಿ ಮೇನ್ ಎತ್ತಿಬಿಟ್ಟರೂ ಫ್ಯೂಸ್ ನನ್ನ ಹತ್ತಿರ ಇರುತ್ತದೆ. ಮೀಟರಿನ ಸೀಲು, ಅದರ ಹಿಂದಿನ ಕಟೌಟು ಬೆಸ್ಕಾಂಗೆ ಸೇರಿದ್ದು, ಅದರ ತಂಟೆಗೆ ನಾವು ಹೋಗಬಾರದು.

ಬೋರ್ಡಿನ ನಾಲ್ಕು ಸ್ಕ್ರೂ ಬಿಚ್ಚಿ ಸನ್‌ಮೈಕಾ ಹಾಳೆಯನ್ನು ಮೆಲ್ಲಗೆ ಮುಂದಕ್ಕೆ ಬಗ್ಗಿಸಿದೆ. ಮುಟ್ಟುವ ಮೊದಲು ಪ್ರತಿ ಟರ್ಮಿನಲ್ಲಿಗೂ ಟೆಸ್ಟರ್ ಇಟ್ಟೆ. ಸಾಕೆಟ್ಟಿನಲ್ಲಿ ಇಲ್ಲ. ಮಿಕ್ಸಿ ಸ್ವಿಚ್ಚಿನಲ್ಲಿ ಇಲ್ಲ. ಎಕ್ಸಾಸ್ಟ್ ಫ್ಯಾನಿನಲ್ಲಿ ಇಲ್ಲ. ಲೈಟಿನ ಸ್ವಿಚ್ಚಿಗೆ ಇಟ್ಟರೆ ಟೆಸ್ಟರ್ ಒಳಗೆ ಮಂಕಾಗಿ ಕೆಂಪು ಕಂಡಿತು.

ಮೇನ್ ಇಳಿದಿದೆ, ಫ್ಯೂಸ್ ಜೇಬಲ್ಲಿದೆ, ಆದರೂ ಕರೆಂಟ್ ಇದೆ! ಮಲ್ಟಿಮೀಟರ್ ಇಟ್ಟರೆ 221 ವೋಲ್ಟ್. ಹಾಲಿನಲ್ಲಿರುವ ಇನ್ವರ್ಟರ್ ಪಾಪ ತನ್ನ ಕೆಲಸ ಮಾಡುತ್ತಿತ್ತು. ಮೇನ್ ಇಳಿಸಿದ ತಕ್ಷಣ ಅದಕ್ಕೆ ಕರೆಂಟ್ ಹೋಯಿತು ಅನ್ನಿಸುತ್ತದೆ, ಬ್ಯಾಟರಿಯಿಂದ ಲೈಟಿನ ಲೈನಿಗೆ ಪೂರ್ತಿ ವೋಲ್ಟೇಜ್ ಕೊಡುತ್ತದೆ. ನಾನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತಿದ್ದೆ, ಅದಕ್ಕೇ ಟೆಸ್ಟರ್ ಅಷ್ಟು ಮಂಕಾಗಿ ಉರಿದದ್ದು. ಟೆಸ್ಟರಿನ ಕರೆಂಟ್ ನಮ್ಮ ಮೈ ಮೂಲಕ ನೆಲಕ್ಕೆ ಹೋಗಬೇಕು, ಸ್ಟೂಲ್ ಅದನ್ನು ತಡೆಯುತ್ತದೆ. ಕಿಟಕಿಯ ಬಿಸಿಲಿಗೆ ಆ ಬೆಳಕು ಕಾಣದೇ ಹೋಗಬಹುದಿತ್ತು. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಇಳಿಸುವುದು ಅರ್ಧ ಕೆಲಸ. ಇನ್ವರ್ಟರಿನ ಸ್ವಿಚ್ ಆರಿಸಿ, ಅದರ ಪ್ಲಗ್ಗನ್ನೂ ಕಿತ್ತಿಟ್ಟು, ಮತ್ತೆ ಮೀಟರ್ ಹಿಡಿದು ನೋಡಿದ ಮೇಲೆ ಕೈ ಹಾಕಿ. ಈಗ ನಮ್ಮೂರಲ್ಲಿ ಇನ್ವರ್ಟರ್ ಇಲ್ಲದ ಮನೆ ಎಷ್ಟಿದೆ ಹೇಳಿ. ಅದಕ್ಕೇ ಇದನ್ನು ಇಷ್ಟು ಉದ್ದ ಬರೆದೆ.

ಒಳಗೆ ಧೂಳು, ಜೇಡರ ಬಲೆ, ಮೂಲೆಯಲ್ಲಿ ಒಡೆದ ಹಲ್ಲಿ ಮೊಟ್ಟೆಯ ಎರಡು ಸಿಪ್ಪೆ. ಬ್ರಷ್ಷಿನಿಂದ ಗುಡಿಸಿ, ವೈರು ಯಾವುದು ಎಲ್ಲಿಗೆ ಹೋಗಿದೆ ಅಂತ ಮೂರು ಫೋಟೋ ತೆಗೆದೆ. ಆಮೇಲೆ ಸಾಕೆಟ್ಟು ಹೊರಗೆ ತೆಗೆದೆ.

ಮುಂದಿನಿಂದ ನೋಡಿದರೆ ಬಲಗಡೆ ತೂತಿನ ಸುತ್ತ ಚಹಾ ಚೆಲ್ಲಿದಂಥ ಕಂದು ಕಲೆ ಇತ್ತು ಅಷ್ಟೇ. ಹಿಂದೆ ತಿರುಗಿಸಿದರೆ ಆ ಮೂಲೆಯ ಪ್ಲಾಸ್ಟಿಕ್ ಉಬ್ಬಿ ಗುಳ್ಳೆ ಎದ್ದು ಕಾದ ಬೆಲ್ಲದ ಹಾಗೆ ಹೊಳೆಯುತ್ತಿತ್ತು. ಹಿತ್ತಾಳೆಯ ಟರ್ಮಿನಲ್ ಕಪ್ಪಗೆ ಮಸಿ ಹಿಡಿದಿತ್ತು. ಸ್ಕ್ರೂ ತಿರುಗಿಸಿ ನೋಡಿದೆ. ಬಿಗಿ ಸಿಗುವ ಮೊದಲು ಒಂದೂವರೆ ಸುತ್ತು ಸುಮ್ಮನೆ ತಿರುಗಿತು. ಅಂದರೆ ವೈರು ಅಲ್ಲಿ ಕೂತಿರಲೇ ಇಲ್ಲ, ಒರಗಿಕೊಂಡಿತ್ತು. ಆ ವೈರಿನ ಕೆಂಪು ಹೊದಿಕೆ ಎರಡು ಇಂಚು ಉದ್ದಕ್ಕೆ ಗಟ್ಟಿಯಾಗಿ ಕಪ್ಪಾಗಿ, ಬಗ್ಗಿಸಿದರೆ ಹುರಿದ ಹಪ್ಪಳದ ಹಾಗೆ ಪಟಪಟ ಉದುರಿತು. ಅದರಾಚೆ ವೈರು ಮೆತ್ತಗೆ, ಚೆನ್ನಾಗಿಯೇ ಇತ್ತು. ಕನ್ವರ್ಟರ್ ಪ್ಲಗ್ಗಿನ ಒಂದು ಪಿನ್ನು ಕೂಡ ನೀಲಿಗಪ್ಪು ಬಣ್ಣಕ್ಕೆ ತಿರುಗಿತ್ತು. ಅದನ್ನು ಅಲ್ಲೇ ಕಸಕ್ಕೆ ಹಾಕಿದೆ.

ಸರಿ, ಸಾಕೆಟ್ ಸುಡುವಷ್ಟು ಕಾದರೂ ಫ್ಯೂಸ್ ಯಾಕೆ ಹೋಗಲಿಲ್ಲ? ನಿಜ ಹೇಳಬೇಕೆಂದರೆ ಸಡಿಲ ಜಾಗದ ಶಾಖ ಫ್ಯೂಸಿಗೆ ಕಾಣುವುದಿಲ್ಲ, ಅದು ಕರೆಂಟ್ ಎಷ್ಟು ಅಂತ ಮಾತ್ರ ನೋಡುತ್ತದೆ. ಆದರೂ 5 ಆಂಪಿಯರ್ ಫ್ಯೂಸ್ ಆಗಿದ್ದರೆ ಎರಡು ಗಂಟೆ ತಡೆಯುತ್ತಿರಲಿಲ್ಲ. ಜೇಬಿನಿಂದ ತೆಗೆದು ನೋಡಿದೆ. 5 ಆಂಪಿಯರಿನ ಫ್ಯೂಸ್ ತಂತಿ 0.2 ಮಿ.ಮೀ. ದಪ್ಪ ಇರುತ್ತದೆ, ಎರಡು ಮೂರು ಕೂದಲು ಸೇರಿಸಿದಷ್ಟು. ನಮ್ಮ ಫ್ಯೂಸಿನಲ್ಲಿ ಇದ್ದದ್ದು ಮಾಮೂಲಿ ವೈರಿನ ಒಂದು ಎಳೆ, 0.7 ಮಿ.ಮೀ. ದಪ್ಪದ್ದು. ಅದು ಕರಗಲು ಸುಮಾರು 45 ಆಂಪಿಯರ್ ಬೇಕು. ಅಷ್ಟರಲ್ಲಿ ಗೋಡೆಯೊಳಗಿನ ವೈರೇ ಉರಿದಿರುತ್ತದೆ. ಯಾವುದೋ ರಾತ್ರಿ ಫ್ಯೂಸ್ ಹೋದಾಗ, ಕೈಗೆ ಸಿಕ್ಕ ವೈರಿನ ತುಂಡು ಸುತ್ತಿ ಲೈಟ್ ಬರಿಸಿರುತ್ತಾರೆ. ಎಷ್ಟೋ ಮನೆಗಳಲ್ಲಿ ಹೀಗೇ ಇದೆ. ನಿಮ್ಮ ಮನೆಯಲ್ಲಿ ಪಿಂಗಾಣಿ ಫ್ಯೂಸ್ ಇದ್ದರೆ ಇವತ್ತೇ ಮೇನ್ ಇಳಿಸಿ ಒಂದೊಂದೇ ಕಿತ್ತು ನೋಡಿ.

ಇಲ್ಲಿಗೆ ನಾನು ಅಂದುಕೊಂಡಿದ್ದ ಕೆಲಸ ಮುಗಿಯಬೇಕಿತ್ತು. ಹೊಸ ಸಾಕೆಟ್ ತರುವುದು, ವೈರಿನ ಸುಟ್ಟ ತುದಿ ಕತ್ತರಿಸಿ ಹಾಕುವುದು. ಆದರೆ ಹಳೇ ಸಾಕೆಟ್ಟಿನ ಹಿಂಭಾಗ ಇನ್ನೊಮ್ಮೆ ನೋಡಿದಾಗ ಮೇಲಿನ ಟರ್ಮಿನಲ್, ದೊಡ್ಡ ತೂತಿನದು, ಖಾಲಿ ಇತ್ತು. ಅದು ಅರ್ತಿನದು, ಬಾಡಿಗೆ ತಾಗಿದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ. ಅದರ ಸ್ಕ್ರೂ ಇನ್ನೂ ಹೊಸದರ ಹಾಗೆ ಹಳದಿಯಾಗಿ ಫಳಫಳ ಅನ್ನುತ್ತಿತ್ತು. 1994ರಿಂದ ಅದಕ್ಕೆ ಯಾರೂ ಸ್ಕ್ರೂ ಡ್ರೈವರ್ ಹಾಕಿಯೇ ಇಲ್ಲ. ಪಕ್ಕದ ಫ್ರಿಜ್ ಸಾಕೆಟ್ ಕೂಡ ಹಾಗೇ. ಅರ್ತಿನ ಹಸಿರು ವೈರೊಂದು ಪೈಪಿನಿಂದ ಬಂದು, ಪೆಟ್ಟಿಗೆಯ ಮೂಲೆಯಲ್ಲಿ ಸುರುಳಿ ಸುತ್ತಿ ಕೂತಿತ್ತು. ತುದಿಗೆ ಕಪ್ಪು ಟೇಪು ಬೇರೆ.

ಅವ್ವ ಎರಡು ವರ್ಷದಿಂದ ಹೇಳುತ್ತಿದ್ದಳು, "ಫ್ರಿಜ್ ಬಾಗಿಲು ಮುಟ್ಟಿದರೆ ಜುಮ್ ಅಂತದೆ" ಅಂತ. ನೆಲ ಒರೆಸಿದ ದಿನ ಜಾಸ್ತಿ ಅನ್ನುತ್ತಿದ್ದಳು. ನಾನು ಮುಟ್ಟಿದಾಗ ಏನೂ ಆಗುತ್ತಿರಲಿಲ್ಲ, ಯಾಕೆಂದರೆ ಕೆಲಸದಿಂದ ಬಂದವನು ಚಪ್ಪಲಿ, ಸಾಕ್ಸಿನಲ್ಲೇ ಇರುತ್ತಿದ್ದೆ. ಒಂದು ಜೊತೆ ರಬ್ಬರ್ ಚಪ್ಪಲಿ ತಂದು ಫ್ರಿಜ್ ಮುಂದೆ ಇಟ್ಟಿದ್ದೆ, ಹಾಕಿಕೊಂಡು ತೆಗಿ ಅಂತ. ಎರಡು ವರ್ಷ ಅವ್ವ ಹಾಗೇ ಮಾಡಿದಳು. ಆ ಖಾಲಿ ಟರ್ಮಿನಲ್ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸ್ಟೂಲಿನ ಮೇಲೇ ಕೂತಿದ್ದೆ. ಅವ್ವ ಹೇಳಿದ್ದು ಪೂರ್ತಿ ನಿಜ ಇತ್ತು.

ಯಾಕೆ ಜುಮ್ ಅನ್ನುತ್ತದೆ ಅಂದರೆ, ಈಗಿನ ಫ್ರಿಜ್ಜಿನ ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ಫೇಸಿನಿಂದ ಫ್ರಿಜ್ಜಿನ ಲೋಹದ ಬಾಡಿಗೆ ಒಂದು, ನ್ಯೂಟ್ರಲ್ಲಿನಿಂದ ಬಾಡಿಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಗಲಾಟೆ ಸಿಗ್ನಲ್ಲುಗಳನ್ನು ಅರ್ತಿಗೆ ದಾಟಿಸುವುದು ಅವುಗಳ ಕೆಲಸ. ಅರ್ತೇ ಇಲ್ಲದಿದ್ದರೆ ಬಾಡಿ ಎರಡರ ನಡುವೆ ತೂಗಾಡುತ್ತದೆ, 230ರ ಅರ್ಧ, ಅಂದರೆ 115 ವೋಲ್ಟಿನ ಆಸುಪಾಸು. ಕರೆಂಟ್ ತೀರಾ ಕಡಿಮೆ, ಹಾಗಾಗಿ ಜುಮ್ ಅನ್ನುವುದಷ್ಟೇ. ಆದರೆ ಒಳಗೆ ಎಲ್ಲಾದರೂ ಫೇಸ್ ವೈರು ಸವೆದು ಬಾಡಿಗೆ ತಾಗಿದರೆ ಅದೇ ಬಾಗಿಲು ಪೂರ್ತಿ 230 ವೋಲ್ಟ್ ಆಗುತ್ತದೆ. ಆಗ ಜುಮ್ ಅಲ್ಲ. ಒದ್ದೆ ನೆಲ, ಬರಿಗಾಲು, ಕೈಯಲ್ಲಿ ಹ್ಯಾಂಡಲ್. ಅದನ್ನು ಬರೆಯಲೂ ಮನಸ್ಸಾಗುತ್ತಿಲ್ಲ.

ಪ್ಲಗ್ಗಿನ ಮೂರನೇ ಪಿನ್ನು ಉದ್ದ, ದಪ್ಪ ಇರುವುದು ಇದಕ್ಕೇ. ಹಾಕುವಾಗ ಅದು ಎಲ್ಲಕ್ಕಿಂತ ಮೊದಲು ತಾಗುತ್ತದೆ, ಕೀಳುವಾಗ ಕೊನೆಗೆ ಬಿಡುತ್ತದೆ. ಅಂದರೆ ಬಾಡಿ ನೆಲಕ್ಕೆ ಸೇರಿದ ಮೇಲೆಯೇ ಫೇಸ್ ಒಳಗೆ ಬರುತ್ತದೆ. ಇಷ್ಟೆಲ್ಲ ಯೋಚಿಸಿ ಮಾಡಿದ ಪಿನ್ನು ನಮ್ಮ ಮನೆಯಲ್ಲಿ ಖಾಲಿ ತೂತಿನೊಳಗೆ ಹೋಗಿ ಕೂರುತ್ತಿತ್ತು.

ಮೂಲೆಯಲ್ಲಿದ್ದ ಹಸಿರು ವೈರಿನ ಟೇಪ್ ಬಿಚ್ಚಿ ಸಾಕೆಟ್ಟಿಗೆ ಕೊಟ್ಟರೆ ಆಯಿತಲ್ಲ ಅನ್ನಿಸಿತು. ಅದಕ್ಕೂ ಮೊದಲು ಅಳೆಯೋಣ ಅಂತ ಫ್ರಿಜ್ ಸಾಕೆಟ್ಟಿನ ಫೇಸಿಗೂ ಹಸಿರು ವೈರಿಗೂ ಮೀಟರ್ ಇಟ್ಟೆ. ಇದಕ್ಕೆ ಕರೆಂಟ್ ಬೇಕು, ಹಾಗಾಗಿ ಸುಟ್ಟ ವೈರಿನ ತುದಿಗಳನ್ನು ಬೇರೆಬೇರೆಯಾಗಿ ಟೇಪು ಸುತ್ತಿ, ಮೀಟರಿನ ಕಡ್ಡಿಗಳನ್ನು ಮೊದಲೇ ಕ್ಲಿಪ್ಪಿನಿಂದ ಕಚ್ಚಿಸಿ, ಫ್ಯೂಸ್ ವಾಪಸ್ ಹಾಕಿ, ಕೈ ದೂರ ಇಟ್ಟುಕೊಂಡು ಮೇನ್ ಎತ್ತಿದೆ. ಫೇಸು ನ್ಯೂಟ್ರಲ್ ನಡುವೆ 231. ಫೇಸು ಅರ್ತ್ ನಡುವೆ 88, ಮತ್ತೆ 71, ಮತ್ತೆ 96, ನಿಲ್ಲುತ್ತಲೇ ಇಲ್ಲ. ಅರ್ತ್ ಚೆನ್ನಾಗಿದ್ದರೆ ಇದೂ ಹೆಚ್ಚು ಕಡಿಮೆ 230 ತೋರಿಸಬೇಕು. ಹೀಗೆ ಓಲಾಡುವ ಅಂಕಿ ಬಂದರೆ ವೈರಿನ ಆ ತುದಿ ಎಲ್ಲಿಗೂ ಸೇರಿಲ್ಲ ಅಂತ ಅರ್ಥ.

ಮತ್ತೆ ಮೇನ್ ಇಳಿಸಿ, ವೈರು ಹಿಡಿದು ಹುಡುಕುತ್ತಾ ಹಿತ್ತಲಿಗೆ ಬಂದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಜಿಐ ಪೈಪು (ಸತು ಲೇಪದ ಕಬ್ಬಿಣದ್ದು) ನೆಲದಿಂದ ಅರ್ಧ ಅಡಿ ಮೇಲೆ ಇದೆ. ಚಿಕ್ಕವನಿದ್ದಾಗಿನಿಂದ ನೋಡಿದ್ದೇನೆ, ಅದು ಯಾಕಿದೆ ಅಂತ ಕೇಳಿರಲಿಲ್ಲ. ಅದೇ ನಮ್ಮ ಮನೆಯ ಅರ್ತ್. ಕೆಳಗೆ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿ ಪೈಪು ನಿಲ್ಲಿಸಿರುತ್ತಾರೆ. ಅದಕ್ಕೆ ಬೋಲ್ಟಿನಿಂದ ಬಿಗಿದಿದ್ದ ತಾಮ್ರದ ತಂತಿ ಹಸಿರು ಪುಡಿಯಾಗಿ, ಬೋಲ್ಟು ತುಕ್ಕಿನ ಗಂಟಾಗಿ, ಎರಡಕ್ಕೂ ಸಂಬಂಧವೇ ಇರಲಿಲ್ಲ. ಬೆರಳಿನಿಂದ ಮುಟ್ಟಿದ ಕೂಡಲೇ ತಂತಿ ಕೈಗೆ ಬಂತು. ತಾಮ್ರ ಮತ್ತು ಸತುವಿನ ಲೇಪ ಇರುವ ಕಬ್ಬಿಣ ನೇರವಾಗಿ ತಾಗಿ, ಮೇಲೆ ನೀರೂ ಬಿದ್ದರೆ ಸತು ಕಬ್ಬಿಣ ಬೇಗ ತಿಂದುಹೋಗುತ್ತದೆ. ದಿನಾ ಸಾಬೂನಿನ ನೀರು ಬೀಳುವ ಜಾಗ ಅದು.

ಮಾರನೇ ದಿನ ಮಂಡಿಪೇಟೆ ಕಡೆ ಹೋದೆ. ಸಾಕೆಟ್ ತೆಗೆದುಕೊಳ್ಳುವಾಗ ನಾನು ನೋಡಿದ್ದು ಮೂರು. ಐಎಸ್ಐ ಗುರುತಿನ ಜೊತೆ ಐಎಸ್ 1293 ಅಂತ ಇರಬೇಕು, ಪ್ಲಗ್ಗು ಸಾಕೆಟ್ಟಿಗೆ ಇರುವ ಭಾರತೀಯ ಮಾನಕದ ಸಂಖ್ಯೆ ಅದು. ಟರ್ಮಿನಲ್ ಹಿತ್ತಾಳೆಯದ್ದಿರಬೇಕು, ಬಣ್ಣ ಬಳಿದ ಕಬ್ಬಿಣ ಅಲ್ಲ, ಸಣ್ಣ ಅಯಸ್ಕಾಂತ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಒಳಗೆ ಶಟರ್ ಇರಬೇಕು, ಮಕ್ಕಳು ಕಡ್ಡಿ ತೂರಿಸಿದರೂ ಒಳಗೆ ಹೋಗಬಾರದು. ಹಳೇ ಬೋರ್ಡಿನ ಕಿಂಡಿಗೆ ಕೂರುವ ಅಳತೆಯದೇ ಬೇಕಾಗುತ್ತದೆ, ಅದಕ್ಕೆ ಸುಟ್ಟ ಸಾಕೆಟ್ಟನ್ನೇ ಜೇಬಲ್ಲಿ ಒಯ್ದಿದ್ದೆ. ಎರಡು ತಗೊಂಡೆ, ಫ್ರಿಜ್ಜಿನದೂ ಬದಲಾಯಿಸಲು.

ಅಂಗಡಿಯಲ್ಲಿ ನಿಂತಿದ್ದ ಒಬ್ಬರು ಒಂದು ಉಪಾಯ ಹೇಳಿದರು. ಅರ್ತ್ ಇಲ್ಲದಿದ್ದರೆ ಸಾಕೆಟ್ಟಿನ ಒಳಗೇ ನ್ಯೂಟ್ರಲ್ಲಿನಿಂದ ಒಂದು ತುಂಡು ವೈರು ಅರ್ತ್ ಟರ್ಮಿನಲ್ಲಿಗೆ ಕೊಟ್ಟುಬಿಡಿ, ಜುಮ್ ಅನ್ನುವುದು ನಿಲ್ಲುತ್ತದೆ ಅಂತ. ನಿಲ್ಲುವುದೇನೋ ನಿಲ್ಲುತ್ತದೆ. ಆದರೆ ಎಲ್ಲಾದರೂ ಆ ನ್ಯೂಟ್ರಲ್ ಕಡಿದು ಹೋಯಿತು ಅಂದುಕೊಳ್ಳಿ. ಫ್ರಿಜ್ ಒಳಗಿಂದ ಬಂದ ಫೇಸಿಗೆ ವಾಪಸ್ ಹೋಗಲು ದಾರಿ ಇಲ್ಲ, ಅದು ಆ ತುಂಡು ವೈರಿನ ಮೂಲಕ ನೇರ ಬಾಡಿಗೆ ಬಂದು ನಿಲ್ಲುತ್ತದೆ. ಕೆಟ್ಟುಹೋಗದ ಫ್ರಿಜ್ಜೇ ಶಾಕ್ ಹೊಡೆಯುತ್ತದೆ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ನಿಮ್ಮ ಮನೆಯಲ್ಲಿ ಯಾರಾದರೂ ಮಾಡಿಟ್ಟಿದ್ದರೆ ತೆಗೆಸಿ. ಬೋರ್ಡ್ ಬಿಚ್ಚಿದಾಗ ಒಂದು ಗೇಣಿಗಿಂತ ಚಿಕ್ಕ ವೈರು ಅದೇ ಸಾಕೆಟ್ಟಿನ ಎರಡು ಟರ್ಮಿನಲ್ ನಡುವೆ ಕಂಡರೆ ಅದೇ ಇದು.

ಇಂಡಕ್ಷನ್ ಒಲೆಯ ಪ್ರಶ್ನೆ ಉಳಿದಿತ್ತು. ಅಲ್ಲೇ 16ರ ಸಾಕೆಟ್ ಹಾಕಿಬಿಡಬಹುದಲ್ಲ ಅಂತ ತಮ್ಮ ಕೇಳಿದ. ಆಗುವುದಿಲ್ಲ. ಆ ಬೋರ್ಡಿಗೆ ಬಂದಿರುವುದು 1/18 ವೈರು, ಹಳೇ ಲೆಕ್ಕದಲ್ಲಿ 18ನೇ ಗೇಜಿನ ಒಂದೇ ತಂತಿ, ಈಗಿನ ಲೆಕ್ಕದಲ್ಲಿ 1.2 ಚದರ ಮಿ.ಮೀ.ಗೂ ಕಡಿಮೆ. ಬಾಯಿ ದೊಡ್ಡದು ಮಾಡಿದರೆ ಗಂಟಲು ದೊಡ್ಡದಾಗುವುದಿಲ್ಲ. ಈಗ ಸಾಕೆಟ್ ಸುಟ್ಟಿದೆ, ಆಗ ಗೋಡೆಯೊಳಗಿನ ವೈರು ಸುಡುತ್ತದೆ. ಒಲೆಗೆ ಬೇರೆಯೇ ಲೈನ್ ಬೇಕು. ಅದು, ಮತ್ತೆ ಹಿತ್ತಲಿನ ಅರ್ತ್, ಹಳೇ ಫ್ಯೂಸುಗಳ ಜಾಗಕ್ಕೆ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು), ಇವೆಲ್ಲ ನನ್ನ ಕೈಯ ಕೆಲಸ ಅಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ಒಬ್ಬರಿಗೆ ಹೇಳಿ ಮುಂದಿನ ಭಾನುವಾರಕ್ಕೆ ಕರೆಸಿದೆ. ಒಂದು ವಾರ ಮಿಕ್ಸಿ ಇಲ್ಲ, ಅವ್ವ ಒಳಕಲ್ಲಿನಲ್ಲಿ ಚಟ್ನಿ ರುಬ್ಬಿದಳು. ಫ್ರಿಜ್ ಆರಿಸಿಟ್ಟಿದ್ದೆವು.

ಅವರು ಬಂದು ಮೊದಲು ಹಿತ್ತಲಿಗೆ ಹೋದರು. ಪೈಪಿನ ತಲೆಯನ್ನು ಅರ, ಉಪ್ಪು ಕಾಗದದಿಂದ ಬೆಳ್ಳಗಾಗುವ ತನಕ ಉಜ್ಜಿ, ಸ್ಟೇನ್‌ಲೆಸ್ ಬೋಲ್ಟು, ಎರಡು ಕಡೆ ವಾಷರು ಹಾಕಿ 8 ನಂಬರಿನ ಜಿಐ ತಂತಿ ಬಿಗಿದರು. ತಾಮ್ರ ಪೈಪಿಗೆ ನೇರ ತಾಗುವುದೇ ಬೇಡ, ಜೋಡಣೆ ಒಳಗೆ ಒಣಗಿದ ಜಾಗದಲ್ಲಿ, ತವರದ ಲೇಪದ ಲಗ್ ಹಾಕಿ ಮಾಡೋಣ ಅಂದರು. ಆಮೇಲೆ ಎರಡು ಕೊಡ ನೀರು ತರಿಸಿ ಪೈಪಿನ ಒಳಗೆ ಹುಯ್ಯಿಸಿದರು. ಗುಳುಗುಳು ಅಂತ ಕುಡಿಯಿತು. ನಮ್ಮ ಹಿತ್ತಲು ಎರೆ ಮಣ್ಣು, ಬೇಸಿಗೆಗೆ ಒಣಗಿ ಬಿರುಕು ಬಿಡುತ್ತದೆ, ಮಣ್ಣು ಪೈಪಿನಿಂದ ದೂರ ಸರಿಯುತ್ತದೆ. ಒಣಗಿದ ಮಣ್ಣಿನಲ್ಲಿ ಕರೆಂಟ್ ಹರಿಯುವುದಿಲ್ಲ. ಬೇಸಿಗೆ ಮುಗಿಯುವ ತನಕ ವಾರಕ್ಕೊಮ್ಮೆ ಒಂದು ಕೊಡ ಹುಯ್ಯಿರಿ ಅಂದರು.

ಅಲ್ಲಿಗೇ ಬಿಡಲಿಲ್ಲ. ಮೀಟರಿನಲ್ಲಿ 229 ತೋರಿಸಿದರೆ ನಂಬಬೇಡಿ ಅಂದರು. ಮಲ್ಟಿಮೀಟರ್ ಎಳೆಯುವ ಕರೆಂಟ್ ಎಷ್ಟು ಕಡಿಮೆ ಅಂದರೆ ಒಂದು ಎಳೆ ತುಕ್ಕು ಹಿಡಿದು ತಾಗಿದ್ದರೂ ಅದು ಸರಿಯಾದ ಅಂಕಿಯನ್ನೇ ತೋರಿಸುತ್ತದೆ. 100 ವ್ಯಾಟಿನ ಬಲ್ಬ್ ಹೋಲ್ಡರ್ ತಂದಿದ್ದರು, ಫೇಸಿಗೂ ಅರ್ತಿಗೂ ನಡುವೆ ಹಚ್ಚಿದರು. ಪೂರ್ತಿ ಬೆಳಗಿತು. ಮಂಕಾಗಿ ಉರಿದರೆ ಅರ್ತ್ ಸಾಲದು ಅಂತ. ಇದನ್ನು ನೀವು ಮಾಡಲು ಹೋಗಬೇಡಿ, ಆ ಕ್ಷಣದಲ್ಲಿ ಅರ್ತ್ ಎಲ್ಲೋ ಕಡಿದಿದ್ದರೆ ಮನೆಯ ಎಲ್ಲ ಹಸಿರು ವೈರಿಗೂ ಬಲ್ಬಿನ ಮೂಲಕ ಫೇಸ್ ಬರುತ್ತದೆ.

ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಕಡಿಯುವ ಸ್ವಿಚ್ಚು, ಬೇಕಾ, ಅರ್ತ್ ಸರಿ ಆಯಿತಲ್ಲ ಅಂತ ನಾನೇ ಕೇಳಿದೆ. ಅವರು ಹೇಳಿದ ಲೆಕ್ಕ ಮನಸ್ಸಿನಲ್ಲಿ ಕೂತಿದೆ. ಮನೆಯ ಅರ್ತ್ ಗುಂಡಿ 10 ಓಮ್ ಇದೆ ಅಂದುಕೊಳ್ಳಿ. ಫೇಸ್ ಬಾಡಿಗೆ ತಾಗಿದರೆ ನೆಲದ ಮೂಲಕ ಟ್ರಾನ್ಸ್‌ಫಾರ್ಮರಿಗೆ ಹರಿಯುವುದು ಹೆಚ್ಚೆಂದರೆ 23 ಆಂಪಿಯರ್. 16 ಆಂಪಿಯರಿನ ಸಿ ಬಗೆಯ ಎಂಸಿಬಿ ತಟ್ಟನೆ ಬೀಳಲು ಅದರ 5ರಿಂದ 10 ಪಟ್ಟು, ಅಂದರೆ 80ರಿಂದ 160 ಆಂಪಿಯರ್ ಬೇಕು. 23ಕ್ಕೆ ಅದು ನಿಧಾನವಾಗಿ ಕಾದು ನಿಮಿಷಗಟ್ಟಲೆ ತಗೊಂಡು ಬೀಳಬಹುದು. ಅಷ್ಟು ಹೊತ್ತು ಫ್ರಿಜ್ ಬಾಗಿಲಲ್ಲಿ ಕರೆಂಟ್. ಆರ್‌ಸಿಸಿಬಿ ಹೋದ ಕರೆಂಟೂ ಬಂದ ಕರೆಂಟೂ ಸಮ ಇದೆಯಾ ಅಂತ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಒಂದು ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಕಡಿದು ಹಾಕುತ್ತದೆ. ಹಾಕಿಸಿದೆವು.

ಹಾಕಿದ ಕೂಡಲೇ ಬಿತ್ತು. ಎತ್ತಿದರೆ ಮತ್ತೆ ಬಿತ್ತು. ಇನ್ವರ್ಟರಿಗೆ ಫೇಸನ್ನು ಯಾವಾಗಲೋ ಮೇನಿನಿಂದಲೇ ನೇರ ಎಳೆದಿದ್ದರು, ಅದರ ಲೈಟುಗಳ ನ್ಯೂಟ್ರಲ್ ಮಾತ್ರ ಆರ್‌ಸಿಸಿಬಿ ಮೂಲಕ ವಾಪಸ್ ಬರುತ್ತಿತ್ತು. ಲೆಕ್ಕ ಸಮ ಆಗುವುದು ಹೇಗೆ? ಇನ್ವರ್ಟರಿನ ಫೇಸನ್ನೂ ಆರ್‌ಸಿಸಿಬಿ ಆದ ಮೇಲಿನಿಂದ ಕೊಟ್ಟರು, ನಿಂತಿತು. ಒಲೆಗೆ 2.5 ಚದರ ಮಿ.ಮೀ. ವೈರಿನ ಹೊಸ ಲೈನ್, ಅದಕ್ಕೊಂದು 16ರ ಎಂಸಿಬಿ, ಕೇಸಿಂಗ್ ಪಟ್ಟಿಯಲ್ಲಿ ಗೋಡೆಯ ಮೇಲೆ ಬಂತು.

ಎರಡು 6ರ ಸಾಕೆಟ್ಟು ನಾನೇ ಹಾಕಿದೆ. ಮತ್ತೆ ಮೇನ್, ಇನ್ವರ್ಟರ್, ಟೆಸ್ಟರ್, ಮೀಟರ್, ಎಲ್ಲ ಅದೇ ಕ್ರಮ. ಸುಟ್ಟ ವೈರನ್ನು ಮೆತ್ತನೆಯ ಹೊದಿಕೆ ಸಿಗುವ ತನಕ ಕತ್ತರಿಸಿದೆ, ಪುಣ್ಯಕ್ಕೆ ಪೆಟ್ಟಿಗೆಯಲ್ಲಿ ಸಾಕಷ್ಟು ಉದ್ದ ಬಿಟ್ಟಿದ್ದರು. ತುದಿಯ ಹೊದಿಕೆ ತೆಗೆದು, ತಾಮ್ರವನ್ನು ಹೊಳೆಯುವಂತೆ ಉಜ್ಜಿ, ಎರಡು ಮಡಿಕೆ ಮಾಡಿ ಟರ್ಮಿನಲ್ಲಿಗೆ ತೂರಿಸಿದೆ. ಒಂದೇ ತೆಳು ತಂತಿ ದೊಡ್ಡ ತೂತಿನಲ್ಲಿ ಸ್ಕ್ರೂ ಪಕ್ಕಕ್ಕೆ ಜಾರಿಕೊಳ್ಳುತ್ತದೆ, ಮಡಿಸಿದರೆ ಅದರ ಕೆಳಗೆ ಸಿಕ್ಕಿಕೊಳ್ಳುತ್ತದೆ. ಸಾಕೆಟ್ಟನ್ನು ಮುಂದಿನಿಂದ ನೋಡಿದಾಗ ಮೇಲೆ ಅರ್ತ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಹಿಂದಿನಿಂದ ಹಾಕುವಾಗ ಎಡಬಲ ಅದಲು ಬದಲಾಗುತ್ತದೆ, ಇಲ್ಲಿ ಅವಸರ ಬೇಡ. ಸ್ವಿಚ್ಚು ಫೇಸಿನಲ್ಲೇ ಬರಬೇಕು. ಬಿಗಿ ಮಾಡಿದ ಮೇಲೆ ಪ್ರತಿ ವೈರನ್ನೂ ಹಿಡಿದು ಎಳೆದು ನೋಡಿದೆ. ಎಳೆದಾಗ ನ್ಯೂಟ್ರಲ್ ಒಂದು ಈಚೆ ಬಂತು, ಮತ್ತೆ ಹಾಕಿದೆ. ಹಸಿರು ವೈರನ್ನು ಒಂದು ಸಾಕೆಟ್ಟಿನಿಂದ ಇನ್ನೊಂದಕ್ಕೂ ಕೊಟ್ಟೆ.

ಮೇನ್ ಎತ್ತಿ ಅಳೆದೆ. ಫೇಸು ನ್ಯೂಟ್ರಲ್ 230. ಫೇಸು ಅರ್ತ್ 228. ನ್ಯೂಟ್ರಲ್ ಅರ್ತ್ 1.7. ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿದರೆ ಟಪ್ ಅಂತ ಬಿತ್ತು. ತಿಂಗಳಿಗೊಮ್ಮೆ ಒತ್ತಲು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಮಿಕ್ಸಿಯನ್ನು ಹತ್ತು ನಿಮಿಷ ಬಿಟ್ಟುಬಿಟ್ಟು ಓಡಿಸಿ, ಪ್ಲಗ್ ಕಿತ್ತು ಪಿನ್ನು ಮುಟ್ಟಿದೆ, ತಣ್ಣಗಿತ್ತು. ಅವ್ವ ಚಪ್ಪಲಿ ಬಿಟ್ಟು, ಒರೆಸಿದ ನೆಲದ ಮೇಲೆ ನಿಂತು, ಮೊದಲು ಬೆರಳ ಹಿಂಭಾಗ ತಾಗಿಸಿ ಆಮೇಲೆ ಪೂರ್ತಿ ಕೈ ಹಾಕಿ ಫ್ರಿಜ್ ತೆಗೆದಳು. "ಏನೂ ಇಲ್ಲ" ಅಂದು ಮೊಸರು ಒಳಗಿಟ್ಟಳು.

ಪೈಪಿಗೆ ನೀರು ಹುಯ್ಯುವುದನ್ನು ಈಗ ಅವಳೇ ನೋಡಿಕೊಳ್ಳುತ್ತಾಳೆ. ಮೇಲಿನ ಮಹಡಿಯಲ್ಲಿ ವಾಷಿಂಗ್ ಮೆಷಿನ್ ಸಾಕೆಟ್ಟಿಗೆ ನಿನ್ನೆ ಮೀಟರ್ ಇಟ್ಟೆ, ಫೇಸು ಅರ್ತ್ ನಡುವೆ 94 ತೋರಿಸುತ್ತಿದೆ. ಮೆಷಿನ್ನಿನ ಪ್ಲಗ್ ಕಿತ್ತಿಟ್ಟಿದ್ದೇನೆ. ಈ ಭಾನುವಾರ ಅದನ್ನು ಬಿಚ್ಚಬೇಕು.